ಕರಾರುಪತ್ರದೊಳಗೆ ಸರಿದಾಡಿದ ಜಿಲ್ಲೆ

ಇಪ್ಪತ್ತು ವರ್ಷ ನಾನೂ ನನ್ನ ಪಾಲುದಾರನೂ ಹರಪನಹಳ್ಳಿಯ ಬಾಯಿಗಳನ್ನು ಸಮಪಾಲಾಗಿ ಹಂಚಿಕೊಂಡು ಆಳಿದೆವು. ಇಬ್ಬರೂ ದಂತವೈದ್ಯರು, ಒಂದೇ ಕಾಲೇಜು, ಒಂದೇ ಬೋರ್ಡು. ಕ್ಲಿನಿಕ್ ತೆರೆಯುವ ಮುನ್ನ ಪಾಲುದಾರಿಕೆ ಪತ್ರ ಬರೆದವನು ನಾನೇ. ವಕೀಲರು ಯಾಕೆ, ನನಗೆ ಕನ್ನಡ ಬರುವುದಿಲ್ಲವೇ ಎಂಬ ಗತ್ತು. ಒಂಬತ್ತನೆಯ ಕಲಮು ಹೀಗಿತ್ತು: ‘ಬಿಟ್ಟುಹೋಗುವ ಪಾಲುದಾರನು ಸಂಸ್ಥೆಯಿರುವ ಜಿಲ್ಲೆಯೊಳಗೆ ಮೂರು ವರ್ಷ ಬೇರೆ ದವಾಖಾನೆ ತೆರೆಯತಕ್ಕದ್ದಲ್ಲ.’ ಅದನ್ನು ಬರೆದು ಮುಗಿಸಿದಾಗ ಸ್ವತಃ ನನಗೇ ಅದರ ಗೌರವಕ್ಕೆ ಎದ್ದು ನಿಲ್ಲಬೇಕೆನಿಸಿತ್ತು.

ನಾನು ಕೊಟ್ಟೂರಿನವನು, ದಿನಾ ಬಸ್ಸಿನಲ್ಲಿ ಹೋಗಿಬರುವವನು. ಐವತ್ತು ದಾಟಿದ ಮೇಲೆ ನನ್ನೂರಿನಲ್ಲೇ ನನ್ನದೊಂದು ಕ್ಲಿನಿಕ್ ಇರಬೇಕೆಂಬ ಹುಚ್ಚು ಹತ್ತಿತು. ಸದ್ದಿಲ್ಲದೆ ಮಳಿಗೆ ಹಿಡಿದೆ. ಗುಂಡಿ ಒತ್ತಿದರೆ ಮೇಲೇರುವ ಕುರ್ಚಿ ಬಂತು. ಯಾರೂ ಇಲ್ಲದಾಗ ನಾನೇ ಅದರಲ್ಲಿ ಮಲಗಿ ನಾಲ್ಕು ಸಲ ಮೇಲೆ ಕೆಳಗೆ ಹೋಗಿಬಂದೆ. ಇಷ್ಟೆಲ್ಲ ಆದ ಮೇಲೆಯೇ ಪಾಲುದಾರನಿಗೆ ಹೇಳಿದ್ದು. ಆಗ ಅವನು ತೆಲಿಗಿಯಿಂದ ಬಂದಿದ್ದ ಒಬ್ಬ ಅಜ್ಜಿಯ ಹಲ್ಲು ಕೊರೆಯುತ್ತಿದ್ದ.

“ಮುಂದಿನ ತಿಂಗಳು ಬಿಡ್ತೀನಿ. ಕೊಟ್ಟೂರಾಗ ನನ್ನದ ಹಾಕ್ತೀನಿ.”

“ಹಾಕಾಕ ಬರಂಗಿಲ್ಲಲೇ,” ಎಂದ, ತಲೆಯೆತ್ತದೆ. “ಒಂಬತ್ತನೇ ಕಲಮು ಓದು. ಬರದಾವ ನೀನ.”

“ಅದು ಈ ಜಿಲ್ಲಾಕ್ಕ ಬರದಿದ್ದು! ಹರಪನಹಳ್ಳಿ ದಾವಣಗೆರೆ ಜಿಲ್ಲಾ, ಕೊಟ್ಟೂರು ಬಳ್ಳಾರಿ ಜಿಲ್ಲಾ!”

“ಅದು ಆವಾಗ. ಈಗ ಎರಡೂ ವಿಜಯನಗರ. ಪೇಪರ್ ಓದಂಗಿಲ್ಲೇನು?”

ಬಾಯಿತುಂಬ ಹತ್ತಿ ತುಂಬಿಕೊಂಡಿದ್ದ ಅಜ್ಜಿ ‘ಊಂ, ಊಂ’ ಎಂದಳು. ಯಾರ ಪರವೋ ತಿಳಿಯಲಿಲ್ಲ. ಹತ್ತಿ ತೆಗೆದಾಗ ತಿಳಿಯಿತು: “ಜಿಲ್ಲಾ ಆಮ್ಯಾಲ ಹಂಚ್ಕೊಳ್ರಿ ಯಪ್ಪಾ, ಮೊದಲು ಹಲ್ಲು ಮುಗಸ್ರಿ.”

ಹರಪನಹಳ್ಳಿ ದಾವಣಗೆರೆಯನ್ನು ಬಿಟ್ಟು ಬಳ್ಳಾರಿಗೆ ಸೇರಿದ ದಿನ ಕ್ಲಿನಿಕ್ಕಿನಲ್ಲಿ ಪೇಢೆ ಹಂಚಿದವನು ನಾನು. ಆಮೇಲೆ ಹೊಸ ಜಿಲ್ಲೆಯಾದಾಗ ಮತ್ತೆ ಹಂಚಿದೆ. ಆ ಎರಡೂ ಸಲ ನನ್ನ ಒಂಬತ್ತನೆಯ ಕಲಮು ಕಪಾಟಿನೊಳಗೇ ಎದ್ದು ನಡೆದು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳನ್ನೆಲ್ಲ ನುಂಗಿ ಮಲಗಿತ್ತೆಂಬುದು ಆಗ ಹೊಳೆದಿರಲಿಲ್ಲ. ಹತ್ತಿರದಲ್ಲಿ ನನಗೆ ಮುಕ್ತವಾಗಿ ಉಳಿದದ್ದು ದಾವಣಗೆರೆ. ಅಲ್ಲಿ ಹಲ್ಲುಗಳಿಗಿಂತ ಹಲ್ಲಿನ ಡಾಕ್ಟರರೇ ಹೆಚ್ಚು.

ಹರಪನಹಳ್ಳಿಯ ವಕೀಲರು ಅವನಿಗೆ ಬೇಕಾದವರು, ಕೊಟ್ಟೂರಿನವರು ನನಗೆ. ಆದ್ದರಿಂದ ಇಬ್ಬರೂ ಕೂಡ್ಲಿಗಿಯ ಹಿರಿಯ ವಕೀಲೆಯೊಬ್ಬರ ಬಳಿ ಹೋಗುವುದೆಂದಾಯಿತು. ಒಂದೇ ಬಸ್ಸು, ಒಂದೇ ಸೀಟು, ನಡುವೆ ಕರಾರುಪತ್ರದ ಚೀಲ. ಕಿಟಕಿಯ ಕಡೆ ಮಾತ್ರ ನನಗೇ ಬಿಟ್ಟುಕೊಟ್ಟ.

ವಕೀಲೆ ಕನ್ನಡಕ ಏರಿಸಿ ಪತ್ರ ಓದಿದರು. “ಯಾರು ಬರದದ್ದು ಇದು?”

“ನಾನ್ರಿ.”

“ಭಾಳ ಚಂದ ಬರದೀರಿ. ‘ಸಂಸ್ಥೆಯಿರುವ ಜಿಲ್ಲೆ’. ಯಾವತ್ತು ಇರೂದ್ರಿ ಡಾಕ್ಟ್ರೇ? ಸಹಿ ಹಾಕಿದ ದಿನಾನೋ, ಬಿಟ್ಟುಹೋಗೋ ದಿನಾನೋ?”

‘ಸಹಿ ಹಾಕಿದ ದಿನ’ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ವಕೀಲೆ ಕೈಯೆತ್ತಿ ತಡೆದರು.

“ಬಿಡೋ ಪಾಲುದಾರಗ ಇಂಥ ಕಟ್ಟು ಹಾಕಾಕ ಕಾಯ್ದಾ ಒಪ್ಪತೈತಿ, ಜಾಗಕ್ಕ ಕಾಲಕ್ಕ ನ್ಯಾಯವಾದ ಮಿತಿ ಇದ್ರ. ಕೋರ್ಟಿಗೆ ಹೋದ್ರ ಮೂರು ವರ್ಷ ಮುಗದ್ರೂ ವಾದ ಮುಗಿಯಂಗಿಲ್ಲ. ಅದಕ್ಕ ಇಲ್ಲೇ ಕೇಳ್ತೀನಿ.” ಅವರು ನನ್ನ ಪಾಲುದಾರನ ಕಡೆ ತಿರುಗಿದರು. “ಸಹಿ ಹಾಕೋವಾಗ ನಿಮ್ಮ ಮನಸ್ನಾಗ ಏನಿತ್ರಿ?”

ಅವನು ಸುಳ್ಳು ಹೇಳಬಹುದಿತ್ತು. ಸಹಿ ಹಾಕಿದ ದಿನ ನಮ್ಮಿಬ್ಬರ ನಡುವೆ ಮೂರನೆಯವರು ಇರಲಿಲ್ಲ. ನನ್ನ ಕೊಟ್ಟೂರು ಈಗ ಅವನ ನಾಲಿಗೆಯ ತುದಿಯಲ್ಲಿತ್ತು. ಇಪ್ಪತ್ತು ವರ್ಷ ಬರೀ ಬೇರೆಯವರ ಬಾಯಿ ನೋಡಿದ್ದ ನಾನು ಅಂದು ಅವನ ಬಾಯನ್ನೇ ನೋಡುತ್ತ ಕೂತೆ. ಅವನು ಫ್ಯಾನಿನ ಕಡೆ ನೋಡಿದ.

“‘ಹರಪನಹಳ್ಳಿಯಾಗ ಬ್ಯಾಡ’ ಅಂತ ಬರಿ ಅಂದಿದ್ದೆರಿ ನಾ. ಕೊಟ್ಟೂರು ಇವನೂರು, ಅದನ್ಯಾಕ ಕಟ್ಟೂದು ಅಂತ. ಇವ ಕೇಳಲಿಲ್ಲ. ‘ಜಿಲ್ಲಾ ಅಂದ್ರ ಗಂಭೀರ ಕಾಣತೈತಿ, ಕೊಟ್ಟೂರು ಹೆಂಗೂ ಹೊರಗ ಉಳೀತೈತಿ’ ಅಂದ.”

ನಿಜ. ಹಾಗೆಯೇ ಅಂದಿದ್ದೆ. ಅವನ ಉಪಕಾರವನ್ನು ಮರೆತು, ನನ್ನ ವಾಕ್ಯವನ್ನು ಮಾತ್ರ ನೆನಪಿಟ್ಟುಕೊಂಡಿದ್ದೆ.

“ಮತ್ತ ಯಾಕ ತಡದ್ರಿ?”

“ಮಳಿಗಿ ಹಿಡದು, ಕುರ್ಚಿ ತರಿಸಿ, ಎಲ್ಲಾ ಆದ್ಮ್ಯಾಲ ಹೇಳ್ತಾನ್ರಿ, ಬಾಡಿಗಿ ಮನಿ ಬಿಟ್ಟಂಗ. ಹೊಟ್ಟಿ ಉರೀತು.”

ಸಮರ್ಥನೆಗೆಂದು ನಾನು ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ಉದ್ದುದ್ದ ಮಾತುಗಳನ್ನೆಲ್ಲ ಬದಿಗಿಟ್ಟೆ. “ತಪ್ಪಾತಲೇ,” ಅಂದೆ. ಅಷ್ಟು ಚಿಕ್ಕ ವಾಕ್ಯವನ್ನು ನಾನು ಅದುವರೆಗೆ ರಚಿಸಿರಲಿಲ್ಲ.

ವಕೀಲೆ ಹೊಸ ಹಾಳೆ ಮುಂದಿಟ್ಟರು. ನಾನು ಪೆನ್ನಿಗೆ ಕೈಚಾಚಿದ್ದೇ ತಡ, ಪಾಲುದಾರ ಅದನ್ನು ಕಸಿದುಕೊಂಡ. “ಇವನ ಕೈಯಾಗ ಕೊಡಬ್ಯಾಡ್ರಿ, ಈ ಸಲ ಬಳ್ಳಾರೀನೂ ಹೋಗತೈತಿ.” ತಾನೇ ಬಾಗಿ, ದಪ್ಪ ಅಕ್ಷರಗಳಲ್ಲಿ ಬರೆದ: ‘ಹರಪನಹಳ್ಳಿ ಊರಿನಲ್ಲಿ ಮೂರು ವರ್ಷ ತೆರೆಯಬಾರದು. ಕೊಟೂರಿನಲ್ಲಿ ನಾಳೆಯೇ ತೆರೆಯಬಹುದು.’

ನನ್ನೂರಿನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ತಿದ್ದಲು ಕೈ ತುರಿಸಿತು. ತುಟಿ ಬಿಗಿಹಿಡಿದು ಸಹಿ ಹಾಕಿಬಿಟ್ಟೆ.