ಹುಳವನ್ನು ತಡೆದಿದ್ದ ಮೈ

ಮೊದಲು ಹೊಟ್ಟೆಯೊಳಗೆ ಉರಿ. ಆಮೇಲೆ ಕೆಮ್ಮು.

ಕೀಲುವಾತಕ್ಕೆ ಸ್ಟೀರಾಯ್ಡ್ ಶುರುಮಾಡಿ ಕೆಲವು ವಾರವಾಗಿತ್ತಷ್ಟೆ. ಆ ಮಾತ್ರೆಯನ್ನು ದೇವರಂತೆ ನಂಬಿದ್ದೆ. ಚಾಕ್‌ಪೀಸ್ ಹಿಡಿಯಲಾಗದಿದ್ದ ನಾನು ಮತ್ತೆ ಬೋರ್ಡಿನ ಮೇಲೆ ಬರೆಯುವಂತಾದಾಗ, ತಮಿಳುನಾಡು ಗಡಿಯ ಹೊಸೂರಿನ ನಮ್ಮ ಶಾಲೆಯ ಮಕ್ಕಳು ಚಪ್ಪಾಳೆ ತಟ್ಟಿದ್ದರು. ಕೆಮ್ಮಿನ ಜೊತೆ ಉಬ್ಬಸವೂ ಬಂದಾಗ ಆಸ್ತಮಾ ಇರಬಹುದೆಂದು ಡಾಕ್ಟರು ಸ್ಟೀರಾಯ್ಡ್ ಡೋಸನ್ನೇ ಏರಿಸಿದರು. ನುಂಗಿದೆ.

ಕೆಲವೇ ದಿನಗಳಲ್ಲಿ ಐಸಿಯು.

ಅಲ್ಲಿದ್ದ ಡಾಕ್ಟರಮ್ಮ ರಿಪೋರ್ಟು ಪಕ್ಕಕ್ಕಿಟ್ಟು, “ಚಿಕ್ಕವರಿದ್ದಾಗ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದ್ದೀರಾ?” ಎಂದು ತಮಿಳಿನಲ್ಲಿ ಕೇಳಿದರು. ನಗು ಬಂತು, ಉಸಿರು ಸಾಲಲಿಲ್ಲ. ಬಾಗಲೂರಿನ ಕಡೆ ಹುಟ್ಟಿದವಳು ನಾನು. ಚಪ್ಪಲಿ ಮೆಟ್ಟಿದ್ದೇ ಹೈಸ್ಕೂಲಿಗೆ ಸೇರಿದ ಮೇಲೆ.

ಕಫದಲ್ಲಿ ಹುಳ ಸಿಕ್ಕಿತು.

ಸ್ಟ್ರಾಂಗಿಲಾಯ್ಡಿಸ್ ಎಂದು ಅದರ ಹೆಸರು. ಅಂಗಾಲಿನಿಂದ ಒಳಹೊಕ್ಕು, ಕರುಳಿನಲ್ಲಿ ಸಂಸಾರ ಹೂಡಿ, ಹತ್ತಾರು ವರ್ಷ ಇದ್ದುಬಿಡಬಲ್ಲದಂತೆ. ಇಷ್ಟು ಕಾಲ ನನ್ನ ಮೈ ನನಗೂ ತಿಳಿಸದೆ ಅದನ್ನು ಅದುಮಿಟ್ಟುಕೊಂಡಿತ್ತು. ಸ್ಟೀರಾಯ್ಡ್ ಆ ಕಾವಲನ್ನೇ ಮಲಗಿಸಿತ್ತು; ಹುಳ ಹೆಚ್ಚಿ ಶ್ವಾಸಕೋಶಕ್ಕೂ ಹರಡಿತ್ತು. ನನ್ನ ಕೀಲುಗಳನ್ನು ಹಿಂಡುತ್ತಿದ್ದದ್ದೂ ಹುಳವನ್ನು ತಡೆದಿದ್ದ ಅದೇ ಶಕ್ತಿ, ದಾರಿ ತಪ್ಪಿದ್ದು ಎಂದರು ಡಾಕ್ಟರಮ್ಮ.

ಊರಿನಲ್ಲಿ ಕುರಿ ಸಾಕುವ ಅಣ್ಣ ನೋಡಲು ಬಂದ. ಕೇಳಿ ತಲೆಯಾಡಿಸಿದ.

“ಈದ ಕುರಿಗೂ ಹಿಂಗೇ ಆಗ್ತದೆ ಕಣಮ್ಮಾ. ಬಾಕಿ ದಿನ ಹುಳ ಇದ್ರೂ ತಡ್ಕಂತದೆ. ಮರಿ ಹಾಕಿ ಕಸುವು ಕಮ್ಮಿಯಾದ್ರೆ ಏರ್ಕಂತವೆ.”

“ಪದೇಪದೇ ಔಷ್ದಿ ಬೇಕಾಗೋ ಕುರೀನ ಸಂತೆಗೆ ಹೊಡೀತೀಯಲ್ಲಣ್ಣ. ನನ್ನೇನ್ ಮಾಡ್ತೀಯ?”

“ಸುಮ್ಕಿರಮ್ಮಾ,” ಎಂದವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ಅಪ್ಪ ತೀರಿಕೊಂಡಾಗ ಬಿಟ್ಟರೆ ಅವನು ಅತ್ತಿದ್ದನ್ನು ನಾನು ಕಂಡಿರಲಿಲ್ಲ. ಸಾಯುತ್ತೇನೇನೋ ಎಂಬ ಹೆದರಿಕೆ ಹುಟ್ಟಿದ್ದು ಆಗಲೇ.

ಹುಳ ಸಾಯಿಸುವ ಐವರ್ಮೆಕ್ಟಿನ್ ಕೊಟ್ಟರು. ಸ್ಟೀರಾಯ್ಡನ್ನು ನಿಧಾನವಾಗಿ ಇಳಿಸಿದರು. ಕೆಮ್ಮು ತಗ್ಗಿತು, ಗಂಜಿ ಹೊಟ್ಟೆಯಲ್ಲಿ ನಿಂತಿತು, ಮನೆಗೆ ಕಳಿಸಿದರು. ಅದೇ ಮಣ್ಣಿನಲ್ಲಿ ಆಡಿ ಬೆಳೆದ ಅಣ್ಣನಿಗೂ ಪರೀಕ್ಷೆ ಮಾಡಿಸಿ ಮಾತ್ರೆ ನುಂಗಿಸಿದ್ದಾಯಿತು; ಅವನಿಗೂ ಹುಳ ಇತ್ತು, ಒಂದು ದಿನವೂ ಕಾಟ ಕೊಟ್ಟಿರಲಿಲ್ಲ. ನನ್ನಲ್ಲಿ ಪೂರ್ತಿ ಹೋಗಿದೆಯೆಂದು ಡಾಕ್ಟರಮ್ಮ ಇನ್ನೂ ಹೇಳಿಲ್ಲ. ಮತ್ತೆ ಟೆಸ್ಟ್ ಇದೆ.

ನಿನ್ನೆ ಬೆಳಿಗ್ಗೆ ಎದ್ದಾಗ ಬೆರಳುಗಳು ಬಾತಿದ್ದವು. ಕಾಫಿ ಲೋಟ ಹಿಡಿಯಲಾಗಲಿಲ್ಲ. ನಮ್ಮ ಯಜಮಾನರು ಗಾಬರಿಯಾಗಿ ಫೋನ್ ಎತ್ತಿಕೊಂಡರು.

“ಸ್ವಲ್ಪ ತಡೀರಿ,” ಅಂದೆ.

ಈ ನೋವಿಗೆ ವರ್ಷಗಟ್ಟಲೆ ಶಾಪ ಹಾಕಿದವಳು ನಾನು. ನಾಳೆ ಮತ್ತೆ ಹಾಕುತ್ತೇನೇನೋ. ನಿನ್ನೆ ಮಾತ್ರ ಬಾತ ಕೈಯನ್ನು ಮಡಿಲಲ್ಲಿಟ್ಟುಕೊಂಡು, ನನ್ನ ಮೈಯ ಕಾವಲಿಗೆ ಮತ್ತೆ ಎಚ್ಚರವಾಗಿದೆ ಎಂದು ಅತ್ತುಬಿಟ್ಟೆ.