ಸ್ಮಶಾನದ ದಾರಿಗೆ ಸಾಕ್ಷಿ

ತರೀಕೆರೆಯಲ್ಲಿ ನಮ್ಮ ಕ್ರೈಸ್ತ ಸಭೆಗೆ ಸೇರಿದ ಮನೆಗಳು ಹದಿನಾಲ್ಕೇ. ಈಸ್ಟರ್ ದಿನ ಬೆಳಕು ಹರಿಯುವ ಹೊತ್ತಿಗೆ ಎಲ್ಲರೂ ಊರಾಚೆಯ ಸ್ಮಶಾನಕ್ಕೆ ಹೋಗಿ, ಹಿಂದಿನ ದಿನ ಸುಣ್ಣ ಬಳಿದಿಟ್ಟ ಗೋರಿಗಳ ಮೇಲೆ ಮೇಣದಬತ್ತಿ ಹಚ್ಚಿ, ಪುನರುತ್ಥಾನದ ಅಧ್ಯಾಯ ಓದುತ್ತಿದ್ದೆವು. ಎಪ್ಪತ್ತರ ದಶಕದ ಕೊನೆಯ ಒಂದು ವರ್ಷ, ಆ ಶನಿವಾರ, ನಾನೂ ಅಮ್ಮನೂ ಸುಣ್ಣದ ಬಕೆಟ್ ಹಿಡಿದು ಹೋದಾಗ ಅಲ್ಲಿ ದಾರಿಯೇ ಇರಲಿಲ್ಲ. ಮುಂದಿನ ಹೊಲ ಕೊಂಡವರು ದಾರಿಯನ್ನೂ ಸೇರಿಸಿ ಉಳುಮೆ ಮಾಡಿಸಿ, ಜಾಲಿಮುಳ್ಳಿನ ಬೇಲಿ ಹಾಕಿಸಿದ್ದರು. ಕೇಳಿದ್ದಕ್ಕೆ, ತಮ್ಮ ಪತ್ರದಲ್ಲಿ ದಾರಿಯ ಮಾತೇ ಇಲ್ಲ ಎಂದರು. ಅದು ಸುಳ್ಳಲ್ಲ, ಆಮೇಲೆ ಪತ್ರವನ್ನು ನಾನೇ ನೋಡಿದೆ.

ನಮ್ಮ ಸಭೆಯ ಹಿರಿಯರು ಅದೇ ಹೊಲದವರ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಈ ವರ್ಷ ಆರಾಧನೆ ಚರ್ಚಿನೊಳಗೇ ಆಗಲಿ, ಗಲಾಟೆ ಬೇಡ ಎಂದರು. ಗಂಡಸರೆಲ್ಲ ಒಪ್ಪಿದರು. ಒಂಬತ್ತು ವರ್ಷ ತಪ್ಪದೆ ಅಪ್ಪನ ಗೋರಿಗೆ ಹೋಗಿದ್ದ ಅಮ್ಮ ಒಪ್ಪಲಿಲ್ಲ.

ಭಾನುವಾರ ಬೇಲಿಯ ಈಚೆ ನಿಂತವರು ಐದು ಜನ ಹೆಂಗಸರು. ಓದುವ ಸರದಿ ನನ್ನದಾಗಿತ್ತು. ಆ ಅಧ್ಯಾಯದಲ್ಲಿ, ತಮ್ಮ ಗುರುವಿನ ಸಮಾಧಿಯ ಬಾಯಿಂದ ಕಲ್ಲನ್ನು ಉರುಳಿಸುವವರು ಯಾರು ಎಂದು ಮಾತಾಡಿಕೊಳ್ಳುತ್ತಾ ಮೂವರು ಹೆಂಗಸರು ಹೋಗುತ್ತಾರೆ. ಉತ್ತರ ಸಿಕ್ಕಿದ ಮೇಲೆ ಹೊರಟವರಲ್ಲ. ಹೋಗಿ ನೋಡಿದರೆ ಕಲ್ಲು ಉರುಳಿದೆ, ಸಮಾಧಿ ಬರಿದಾಗಿದೆ. ಆತ ಎದ್ದಿದ್ದಾನೆ, ಹೋಗಿ ತಿಳಿಸಿರಿ ಎಂದು ಅಲ್ಲಿದ್ದ ದೂತ ಹೇಳಿದರೆ ಓಡಿಹೋಗುತ್ತಾರೆ, ಹೆದರಿಕೆಯಿಂದ ಯಾರಿಗೂ ಏನೂ ಹೇಳುವುದಿಲ್ಲ. ಅಲ್ಲಿಗೆ ಪುಸ್ತಕ ಮುಚ್ಚಿದೆ. ನಮ್ಮ ಕಲ್ಲನ್ನು ಯಾರೂ ಉರುಳಿಸಿರಲಿಲ್ಲ. ಮೇಲೆ ಈ ಮೌನ ಬೇರೆ. ಇದನ್ನು ಓದಿ ಯಾರಿಗೆ ಧೈರ್ಯ ಬರಬೇಕು ಎಂದು ಅಮ್ಮನ ಮೇಲೆ ರೇಗಿದೆ.

"ಯಾರಿಗೂ ಹೇಳ್ದೇ ಇದ್ದಿದ್ರೆ ಈ ಪುಸ್ತಕ ನಿನ್ ಕೈಗೆ ಹ್ಯಾಗೆ ಬಂತೇ? ಹೆದರ್ಕೊಂಡೇ ಯಾವಳೋ ಒಬ್ಬಳು ಬಾಯ್ಬಿಟ್ಟಿರ್ತಾಳೆ ಕಣೇ," ಎಂದಳು ಅಮ್ಮ.

ನಾನು ತಾಲ್ಲೂಕು ಕಚೇರಿಗೆ ಅರ್ಜಿ ಬರೆದೆ. ಮಳೆಗಾಲ ಕಳೆದ ಮೇಲೆ ಸರ್ವೇಯರ್ ಬಂದರು. ನಕಾಶೆಯಲ್ಲೂ ದಾರಿ ಇರಲಿಲ್ಲ. ಇಲ್ಲಿ ಓಡಾಡಿದವರು ಯಾರು, ಹೇಳಿ ಎಂದರು. ಹೊಲದವರು ಎದುರಿಗೇ ನಿಂತಿದ್ದರು. ನಮ್ಮವರು ಒಬ್ಬೊಬ್ಬರೇ ನನ್ನ ಹಿಂದಕ್ಕೆ ಸರಿದರು. ನನಗೂ ಹೆದರಿಕೆಯಿತ್ತು, ಅದನ್ನು ಮುಚ್ಚಿಡಲಾರೆ. ಅಪ್ಪನನ್ನು ಮಣ್ಣು ಮಾಡಿದ ದಿನದಿಂದ ನಡೆದಿದ್ದೇನೆ, ಅಂದು ಪೆಟ್ಟಿಗೆಯ ಎರಡೂ ಬದಿ ಹೊತ್ತವರು ಪೈರು ತುಳಿಯದೆ ಬಂದರು, ಅಷ್ಟು ಅಗಲವಿತ್ತು ಎಂದೆ.

"ಅದಕ್ಕೂ ಮುಂಚೆ?"

ಹಿಂದಿನಿಂದ ಯಾರೋ, "ತಾತನ ಕಾಲದಿಂದ ಅನ್ನು," ಎಂದು ಪಿಸುಗುಟ್ಟಿದರು.

"ಗೊತ್ತಿಲ್ಲ ಸಾರ್. ನಾನು ನೋಡಿಲ್ಲ," ಎಂದೆ.

ಸರ್ವೇಯರ್ ಅಷ್ಟನ್ನೇ ಬರೆದುಕೊಂಡರು. ವಾಪಸು ಬರುವಾಗ, ಬಾಯಿ ಬಿಡದೆ ನಿಂತಿದ್ದವರೇ ನನ್ನನ್ನು ಬೈದರು. ಓದಿದವಳ ಕೈಗೆ ಕೊಟ್ಟು ಕೆಟ್ಟೆವು ಎಂದರು. ಅಮ್ಮನೂ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ತಾನಾಗಿದ್ದರೆ ಹೇಳಿಬಿಡುತ್ತಿದ್ದೆ ಎಂದು ಅವಳಿಗೂ ಅನ್ನಿಸಿರಬೇಕು. ಗೋರಿ ಎದುರಿಗೇ ಇತ್ತು, ಒಂದು ಮಾತು ಸೇರಿಸಿದ್ದರೆ ದಾರಿ ಸಿಗುತ್ತಿತ್ತೇನೋ. ಸಾವನ್ನು ಗೆದ್ದವನನ್ನು ನಂಬುತ್ತೇವೆ ಎನ್ನುವ ನಾವು ಒಂದು ಗಿರಣಿಗೆ ಹೆದರುತ್ತೇವೆ, ಆಮೇಲೆ ಸುಳ್ಳಿನ ಆಸರೆ ಹುಡುಕುತ್ತೇವೆ. ನನಗೆ ಈ ಎರಡರ ಮೇಲೂ ಸಿಟ್ಟಿತ್ತು.

ಇನ್ನೊಬ್ಬರು ಸಾಕ್ಷಿ ಬೇಕು, ನಿಮ್ಮ ಮನೆಯವರಲ್ಲದವರು, ವಯಸ್ಸಾದವರು ಎಂದು ಕಚೇರಿಯಲ್ಲಿ ಹೇಳಿದರು. ತಮ್ಮ ತಂದೆಯನ್ನೂ ಅಲ್ಲೇ ಮಣ್ಣು ಮಾಡಿದ್ದ ಹಿರಿಯರಿಗಿಂತ ತಕ್ಕವರು ಬೇರೆ ಇರಲಿಲ್ಲ. ನಾನಾಗ ಅಜ್ಜಂಪುರದ ಶಾಲೆಯಲ್ಲಿ ಟೀಚರ್. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತರೀಕೆರೆಗೆ ಬಂದು, ನೆಟ್ಟಗೆ ಅವರ ಮನೆಗೆ ಹೋಗುತ್ತಿದ್ದೆ. ಅವರು ಕಾಫಿ ಕೊಡಿಸುತ್ತಿದ್ದರು, ಶಾಲೆಯ ಸಮಾಚಾರ ಕೇಳುತ್ತಿದ್ದರು. "ಆಗ್ಲಿ, ನೋಡೋಣಮ್ಮ," ಎಂದು ಚಪ್ಪಲಿ ಮೆಟ್ಟಿಕೊಂಡು ಗಿರಣಿಗೆ ಹೊರಡುತ್ತಿದ್ದರು. ಹೀಗೆ ಐದು ಶನಿವಾರ. ನಾನು ಹೋಗುತ್ತಿದ್ದುದು ನಂಬಿಕೆಯಿಂದಲೋ ಹಟದಿಂದಲೋ, ಈಗಲೂ ಹೇಳಲಾರೆ.

ಆರನೆಯ ಸಲ ಅವರು ಅದೇ ಮಾತು ಶುರು ಮಾಡುವ ಮೊದಲೇ ಅವರ ಹೆಂಡತಿ ಒಳಗಿನಿಂದ ಬಂದರು. ಬೇಲಿಯ ಹತ್ತಿರ ನಿಂತ ಐವರಲ್ಲಿ ಅವರಿರಲಿಲ್ಲ.

"ನಾನು ಮದುವೆಯಾಗಿ ಬಂದ ವರ್ಷ ನಮ್ಮತ್ತೇನ ಆ ದಾರೀಲೇ ಹೊತ್ಕೊಂಡು ಹೋದ್ರು. ಮೂವತ್ತು ವರ್ಷದ ಮೇಲಾಯ್ತು. ಹೆಂಗಸರ ಹೆಬ್ಬೆಟ್ಟು ನಡೀತದಾ ಮಗಾ?"

ನಡೆಯುತ್ತದೆ ಎಂದೆ. ಹಿರಿಯರು, ನಾಳೆ ನನ್ನನ್ನು ಗಿರಣಿಯಿಂದ ತೆಗೆದರೆ ಏನು ಮಾಡುತ್ತೀಯ ಎಂದು ಹೆಂಡತಿಯನ್ನು ಕೇಳಿದರು.

"ನಂಗೂ ಅದೇ ದಿಗಿಲು," ಎಂದು ಆಕೆ ಸೆರಗು ಸರಿಮಾಡಿಕೊಂಡು ಮೆಟ್ಟಿಲಿಳಿದರು.

ಕಚೇರಿ ಮುಚ್ಚುವ ಮೊದಲು ಮುಟ್ಟಬೇಕೆಂದು ಇಬ್ಬರೂ ಬೇಗಬೇಗ ನಡೆದೆವು. ಆ ಹೆಬ್ಬೆಟ್ಟಿನ ಮೇಲೆ ಕಚೇರಿಯವರು ದಾರಿ ಬಿಡಿಸಿ, ಅಮ್ಮ ಗೋರಿ ಮುಟ್ಟುವ ಹೊತ್ತಿಗೆ ಇನ್ನೂ ಎರಡು ಈಸ್ಟರ್ ಕಳೆದಿದ್ದವು.