ಕೈ ಬಂದ ಚಿತ್ರಗಳು

ಕಪಾಟಿನ ಮೇಲಿನ ಡಬ್ಬ ಇಳಿಸಿದಾಗ ಹಳೆಯ ವೆಬ್‌ಕ್ಯಾಮ್ ಸಿಕ್ಕಿತು. ಅಲುಗಾಡದಿರಲೆಂದು ಅದರ ಕಾಲಿಗೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿತ್ತು. ಸುತ್ತಿದವರು ಕೆಳಗಿನ ಮನೆಯ ಶಿರಸ್ತೇದಾರರು...

ಎರಡು ಸಾವಿರದ ಆರೋ ಏಳೋ ಇರಬೇಕು. ಬ್ಯಾಂಕಿನವರು ನನ್ನನ್ನು ಮೈಸೂರಿನಿಂದ ಎತ್ತಿ ತಿರುವನಂತಪುರಕ್ಕೆ ಹಾಕಿದ್ದರು. ಅಲ್ಲಿನ ಉಳ್ಳೂರು ಬಡಾವಣೆಯ ಮನೆಯಲ್ಲಿ ನಾನು ಮಹಡಿ ಮೇಲೆ. ಕೆಳಗೆ ಕಾಸರಗೋಡಿನ ಕೋರ್ಟಿನಿಂದ ನಿವೃತ್ತರಾದ ಶಿರಸ್ತೇದಾರರು ಮತ್ತು ಅವರ ಹೆಂಡತಿ. ಆಕೆಯನ್ನು ನಾನು ಅಮ್ಮ ಎನ್ನುತ್ತಿದ್ದೆ. ಲಕ್ವ ಹೊಡೆದು ಅಮ್ಮನ ಬಲಗೈ ಬಿದ್ದುಹೋಗಿತ್ತು. ಮೆಡಿಕಲ್ ಕಾಲೇಜು ಹತ್ತಿರವೆಂದೇ ಅವರು ಅಲ್ಲಿಗೆ ಬಂದಿದ್ದರು. ಕೈಗೆ ದಿನಾ ಚೂರುಪಾರು ಕೆಲಸ ಕೊಡದಿದ್ದರೆ ಅದು ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದರು. ಅಮ್ಮನೋ, ಆಸ್ಪತ್ರೆಯವರು ಕೊಟ್ಟ ಸ್ಪಂಜಿನ ಚೆಂಡನ್ನು ಮುಟ್ಟಲೂ ಒಲ್ಲರು.

ಆಗ ನನಗೆ ಗೊಂಬೆ ನಡೆಸುವ ಹುಚ್ಚು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಈ ವೆಬ್‌ಕ್ಯಾಮಿನಲ್ಲಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು; ಸಾಲಾಗಿ ಓಡಿಸಿದರೆ ಗೊಂಬೆ ತಾನೇ ನಡೆಯುತ್ತದೆ. ಸರಿಸುವ ಕೆಲಸ ಅಮ್ಮನಿಗೆ, ಚಿತ್ರ ತೆಗೆಯಲು ಕಂಪ್ಯೂಟರಿನ ಎಂಟರ್ ಒತ್ತುವುದು ಶಿರಸ್ತೇದಾರರಿಗೆ ಎಂದೆ. ಅಮ್ಮ ಒಪ್ಪಿಬಿಟ್ಟರು!

ಮೊದಲ ಸಲ ಓಡಿಸಿದಾಗ ಚಿತ್ರವೆಲ್ಲ ಮಿಣಮಿಣ.

"ಎಂತ ಮಾರಾಯ್ರೆ ಇದು, ಗೊಂಬೆಗೆ ಸಿಡಿಲು ಹೊಡೆದ ಹಾಗೆ ಉಂಟಲ್ಲ!" ಎಂದರು ಶಿರಸ್ತೇದಾರರು.

ಅಮ್ಮನ ಬಿಳಿ ರವಿಕೆಯ ತೋಳು ಬಂದಾಗಲೆಲ್ಲ ಕ್ಯಾಮೆರಾ ತನ್ನಷ್ಟಕ್ಕೆ ಬೆಳಕು ಇಳಿಸುತ್ತಿತ್ತು, ತೋಳು ಹೋದರೆ ಏರಿಸುತ್ತಿತ್ತು. ಸೆಟ್ಟಿಂಗಿಗೆ ಹೋಗಿ ಬೆಳಕಿನ ಎಕ್ಸ್‌ಪೋಷರ್, ಬಣ್ಣದ ವೈಟ್ ಬ್ಯಾಲೆನ್ಸ್ ಎರಡಕ್ಕೂ 'ಆಟೊ' ಟಿಕ್ಕು ತೆಗೆದೆ. ಕರೆಂಟು ಹೋಗಿ ಬಂದರೆ ಮತ್ತೆ ಯಥಾಪ್ರಕಾರ. ಕೊನೆಗೆ ಶಿರಸ್ತೇದಾರರೇ ಅದನ್ನು ಕಲಿತರು. ದಿನಾ ಎರಡೂ ಟಿಕ್ಕು ತೆಗೆದು, ಕೋರ್ಟಿನ ಗತ್ತಿನಲ್ಲಿ "ಹಾಜರ್!" ಎಂದು ಗೊಂಬೆಯನ್ನು ಕರೆಯುತ್ತಿದ್ದರು. ಅಮ್ಮನಿಗೆ ನಗು. ಮೊದಲು ಮುಷ್ಟಿಯಲ್ಲಿ ತಳ್ಳುತ್ತಿದ್ದವರು ಎರಡು ತಿಂಗಳಲ್ಲಿ ಎರಡು ಬೆರಳಿನಿಂದ ಗೊಂಬೆಯನ್ನು ಹಿಡಿಯತೊಡಗಿದರು.

ಶಿರಸ್ತೇದಾರರಿಗೆ ಮಾತ್ರ ಅವಸರ. ಅಮ್ಮ ಕೈ ತೆಗೆಯುವ ಮೊದಲೇ ಎಂಟರ್ ಒತ್ತಿಬಿಡುತ್ತಿದ್ದರು. ನೂರಾರು ಚಿತ್ರಗಳಲ್ಲಿ ಕೈ! ನನಗೋ ಅಚ್ಚುಕಟ್ಟಿನ ಕಾಯಿಲೆ. ಒಂದು ಭಾನುವಾರ ಕೂತು ಅವನ್ನೆಲ್ಲ ಹುಡುಕಿ ಹುಡುಕಿ ಅಳಿಸಿದೆ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ. ಗೊಂಬೆ ಮೂವತ್ತು ಸೆಕೆಂಡು ನಡೆಯಿತು. ಅದನ್ನು ನೋಡಿ ಮೂವರೂ ಕುಣಿಯುವುದೊಂದು ಬಾಕಿ.

ಮರುವರ್ಷ ಮತ್ತೆ ಲಕ್ವ ಹೊಡೆಯಿತು. ಅಮ್ಮ ಉಳಿಯಲಿಲ್ಲ. ಕೊಚ್ಚಿ ಹತ್ತಿರದ ಅಂಬಲಮುಗಳಿನ ಮಗಳ ಮನೆಗೆ ಹೊರಡುವ ಮುನ್ನ ಶಿರಸ್ತೇದಾರರು ಮೇಲೆ ಬಂದರು.

"ಗೊಂಬೆ ನಡೆಯುವುದು ನನ್ನ ಹತ್ತಿರ ಉಂಟು. ಅವಳ ಕೈ ಬಂದದ್ದು ಕೊಡಿ."

"ಅಳಿಸಿಬಿಟ್ಟೆ ಸಾರ್. ಅವು ಕೆಟ್ಟುಹೋಗಿದ್ದವಲ್ಲ..."

"ಮೂವತ್ತು ವರ್ಷ ಕಡತ ಇಟ್ಟವ ನಾನು. ಕೆಟ್ಟ ಕಾಗದ ಅಂತ ಒಂದನ್ನೂ ತೆಗೆದದ್ದಿಲ್ಲ," ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವರೂ ತೀರಿಕೊಂಡು ವರ್ಷಗಳಾದವು. ಇವತ್ತು ಆ ಮೂವತ್ತು ಸೆಕೆಂಡನ್ನು ಹುಡುಕಿ ನೋಡಿದೆ. ಗೊಂಬೆ ಚೊಕ್ಕವಾಗಿ ನಡೆಯುತ್ತದೆ. ಅದನ್ನು ಯಾರೋ ಸರಿಸಿದ್ದರು ಎಂದು ಗೊತ್ತೇ ಆಗುವುದಿಲ್ಲ.